ಗುಡ್ಡದ ಹೊಲದ ಮೇಲಿನ ನೀಲಿ

ಇವತ್ತು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಅಪ್ಪ ಮಸ್ಕಿಯಿಂದ ಸಿಂಧನೂರಿಗೆ ಬಂದ. ಬಗಲಲ್ಲಿ ಕೈಚೀಲ, ಚೀಲದಲ್ಲಿ ಜೋಳದ ರೊಟ್ಟಿಯ ಗಂಟು, ಅದರ ಪಕ್ಕದಲ್ಲಿ ಬಾಯಿಗೆ ಬಿಳಿ ಅರಿವೆ ಕಟ್ಟಿದ ಒಂದು ಬಟ್ಟಲು. ಎರಡು ಕಿವಿ, ಸಣ್ಣ ಸೊಂಟ, ಜರ್ಮನ್ ಸಿಲ್ವರಿನದು. ನೋಡಿದ ಕೂಡಲೇ ಗುರುತು ಹತ್ತಿತು. ಹೈದರಾಬಾದಿನ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ 'ಖಡ್ಗಕ್ಕಿಂತ ಲೇಖನಿ ಮೇಲು' ಎಂಬ ವಿಷಯವನ್ನು ವಿರೋಧಿಸಿ, ಲೇಖನಿಯನ್ನು ನುಚ್ಚುನೂರು ಮಾಡಿ, ನಾನು ಗೆದ್ದುಕೊಂಡ ಬಹುಮಾನ ಅದು. ಅವ್ವ ಅದರ ತುಂಬ ಅಗಸಿ ಚಟ್ನಿ ತುಂಬಿ ಕಳಿಸಿದ್ದಳು.

"ಮನ್ಯಾಗ ಬ್ಯಾರೆ ಡಬ್ಬಿ ಇರಲಿಲ್ಲೇನು?" ಎಂದೆ.

"ಇದು ಖಾಲಿ ಇತ್ತು," ಎಂದ ಅಪ್ಪ.

ಅರಿವೆ ಬಿಚ್ಚಿದೆ. ಹುರಿದ ಅಗಸಿಯ ಘಮ ಎದ್ದಿತು. ಅದರ ತಳದಲ್ಲೆಲ್ಲೋ ಇನ್ನೊಂದು ವಾಸನೆ, ಹಸಿ ಅಗಸಿ ಎಣ್ಣೆಯದು. ಅವ್ವ ಹುಣಸೆಹಣ್ಣು, ಬೂದಿ ಹಾಕಿ ಎಷ್ಟು ತಿಕ್ಕಿದರೂ ಹೋಗದ ವಾಸನೆ ಅದು. ನಮ್ಮ ಸೀಮೆಯಲ್ಲಿ ಅಗಸಿಯ ವಾಸನೆಗೆ ಎಲ್ಲರ ಹೊಟ್ಟೆ ಹಸಿಯುತ್ತದೆ. ನನ್ನದು ಮಾತ್ರ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ನೀವೇ ತೀರ್ಪು ಕೊಡಿ. ಒಂದೇ ಒಂದು ವಿನಂತಿ: ಪ್ರತಿವಾದಿ ಬಾಯಿ ಬಿಡುವ ಪೈಕಿ ಅಲ್ಲ. ಅವನು ಸುಮ್ಮನಿದ್ದಾನೆಂದು ನೀವು ಅವನ ಕಡೆ ವಾಲಬಾರದು. ಲೋಕವೆಲ್ಲ ಹಾಗೆ ವಾಲಿಯೇ ನನಗೆ ಈ ಗತಿ ಬಂದಿದೆ.

ಅವನ ಹೆಸರು ಶರಣಪ್ಪ. ನನ್ನ ಸೋದರತ್ತೆಯ ಮಗ, ಆದ್ದರಿಂದ ನನಗೆ ಭಾವ. ಊರು ಗುರುಗುಂಟಾ. ಅವನ ಅಪ್ಪನಿಗೆ ಕುರಿಹಿಂಡು ಇತ್ತು. ಮಗನಿಗೆ ಕುರಿ ಕಾಯುವುದಕ್ಕಿಂತ ಅವನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆಯುವುದೇ ಹೆಚ್ಚಾಗಿತ್ತು. ಹಿಂಡಿನಲ್ಲಿ ಕಡಿಮೆಯಾದ ಕುರಿ ಗೋಡೆಯ ಮೇಲೆ ಸಿಗುತ್ತಿತ್ತು ಎಂದು ಊರವರು ನಗುತ್ತಿದ್ದರಂತೆ. ನಮ್ಮ ಅತ್ತೆ ತೀರಿಕೊಂಡ ಮೇಲೆ ಅವನು ಹೈದರಾಬಾದಿಗೆ ಓಡಿಹೋದ, ಅಂಗಡಿಗಳ ಫಲಕ ಬರೆದು ಹೊಟ್ಟೆ ಹೊರೆದ, ಆಮೇಲೆ ಅಲ್ಲಿಯ ಒಂದು ಚಿತ್ರಶಾಲೆಗೆ ಸೇರಿದ. ಪೊಲೀಸ್ ಆಕ್ಷನ್ ಮುಗಿದು, ನಿಜಾಮನ ಆಳ್ವಿಕೆ ಹೋಗಿ, ಬಸ್ಸುಗಳು ಮತ್ತೆ ನೆಟ್ಟಗೆ ಓಡತೊಡಗಿದಾಗ ಲಿಂಗಸುಗೂರಿನ ಒಂದು ಶಾಲೆಗೆ ಡ್ರಾಯಿಂಗ್ ಮಾಸ್ತರನಾಗಿ ಬಂದ. ಶನಿವಾರ ಬಂತೆಂದರೆ ಮಸ್ಕಿಗೆ, ಅಂದರೆ ನಮ್ಮ ಮನೆಗೆ, ಅಂದರೆ ನನ್ನ ಅಪ್ಪನ ಪಕ್ಕಕ್ಕೆ.

ಸೋದರಮಾವನಿಗೂ ಅಳಿಯನಿಗೂ ಇರುವ ನಂಟು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸತ್ತ ತಂಗಿಯ ಮಗ. ಅವನು ಬಂದರೆ ಅಪ್ಪ ಎದ್ದು ನಿಲ್ಲುತ್ತಿದ್ದ. ನಾನು ಹೈದರಾಬಾದಿನಿಂದ ಬಟ್ಟಲು ಗೆದ್ದು ತಂದ ದಿನ ಅಪ್ಪ ಕೂತೇ ಇದ್ದ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದರಾಗ ಏನು ಕುಡೀತಾರಲೇ?"

"ಏನೂ ಕುಡಿಯೂದಿಲ್ಲಪ. ಮಾತಾಡಿ ಗೆದ್ದದ್ದು."

"ಮಾತಾಡಿ? ಯಾರ ಕೂಡ?"

"ಎದುರು ಪಕ್ಷದವರ ಕೂಡ."

"ಅವರೇನು ತಪ್ಪು ಮಾಡಿದ್ದರು?"

ಬಟ್ಟಲು ಗೋಡೆಯ ಮಾಡದಲ್ಲಿ ವಿಭೂತಿ ಉಂಡೆಯ ಪಕ್ಕ ಕೂತಿತು. ಶರಣಪ್ಪ ಬಂದ ಮೊದಲ ಶನಿವಾರವೇ, ಕುಂಚ ಅದ್ದಲಿಕ್ಕೆ ಏನಾದರೂ ಕೊಡಿ ಮಾವ ಎಂದಾಗ, ಅಪ್ಪ ಆ ಕಡೆ ಈ ಕಡೆ ನೋಡಿ ಅದನ್ನೇ ತೆಗೆದುಕೊಟ್ಟ. ಬಣ್ಣ ಕಲಸಲು ಗಾಣದಿಂದ ತಂದ ಅಗಸಿ ಎಣ್ಣೆ ಅದರಲ್ಲಿ ಬಿತ್ತು. ನನ್ನ ವಾಗ್ವೈಖರಿಯೊಳಗೆ ಅವನು ಕುಂಚ ಅದ್ದತೊಡಗಿದ.

ಇನ್ನು ಅವನ ಕೆಲಸ. ಹಳ್ಳಿಯ ಚಿತ್ರಗಾರ ದೇವರನ್ನು ಬರೆಯುತ್ತಾನೆ, ಪಟ್ಟಣದವನು ಸಾಹುಕಾರರ ಮುಖ ಬರೆಯುತ್ತಾನೆ. ಎರಡಕ್ಕೂ ಅರ್ಥವಿದೆ. ಇವನು ಬಿಸಿಲು ಬರೆಯುತ್ತಿದ್ದ. ಅದಕ್ಕೆ ಇಂಪ್ರೆಷನಿಸಂ ಎಂದು ಹೆಸರಂತೆ. ಫ್ರಾನ್ಸ್ ದೇಶದಲ್ಲಿ ಒಂದು ಕಾಲಕ್ಕೆ ಕೆಲವರು ಕೋಣೆ ಬಿಟ್ಟು ಹೊಲಕ್ಕೆ ಇಳಿದು ಹೀಗೆ ಬರೆದಿದ್ದರಂತೆ. ಸರೇಸಿನ ಅಂಟು ಬಳಿದು ಒಣಗಿಸಿದ ದಪ್ಪ ಅರಿವೆ, ಅದನ್ನು ನಿಲ್ಲಿಸಲು ಮೂರು ಕಾಲಿನ ಕಟ್ಟಿಗೆಯ ಗೂಟ, ತಲೆಗೆ ಹುಲ್ಲಿನ ಟೋಪಿ, ಮೇಲೊಂದು ಛತ್ರಿ. ಛತ್ರಿ ನನ್ನದು. ಮುಂಜಾನೆ ಒಂದು ಅರಿವೆ, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಮೂರರ ಮೇಲೂ ಅದೇ ಮಸ್ಕಿಯ ಗುಡ್ಡ. ಬೆಳಕು ಸರಿದರೆ ಕೈಯಲ್ಲಿದ್ದ ಕುಂಚವನ್ನು ಹಾಗೇ ಇಳಿಸಿಬಿಡುತ್ತಿದ್ದ, ಒಂದು ಎಳೆ ಬಾಕಿ ಇದ್ದರೂ ಸರಿ. "ಮುಗಿಸಬಾರದೇನು ಭಾವ?" ಎಂದರೆ, "ಹೋತಲ್ಲ," ಎನ್ನುತ್ತಿದ್ದ. ಏನು ಹೋಯಿತು? ಗುಡ್ಡ ಅಲ್ಲೇ ಇತ್ತು!

ಹತ್ತಿರದಿಂದ ನೋಡಿದರೆ ಅವನ ಚಿತ್ರ ಅವ್ವ ಸಗಣಿ ಸಾರಿಸುವಾಗ ಬೆರಳು ಎಳೆದ ಹಾಗೆ ಇರುತ್ತಿತ್ತು. ಗೆರೆ ಇಲ್ಲ, ಅಂಚಿಲ್ಲ. ಅವನು ಬಣ್ಣ ಕಲಸುವ ಹಲಗೆಯ ಮೇಲೆ ಕಪ್ಪು ಬಣ್ಣವೇ ಇರಲಿಲ್ಲ. ನೆರಳಿಗೆಲ್ಲ ನೀಲಿ ಹಚ್ಚುತ್ತಿದ್ದ. ಬೇವಿನ ಮರದ ಕೆಳಗೆ ನೀಲಿ, ಬಣವೆಯ ಹಿಂದೆ ನೀಲಿ, ಎಮ್ಮೆಯ ಹೊಟ್ಟೆಯ ಕೆಳಗೂ ನೀಲಿ. ಇದನ್ನು ನಾನು ಸುಮ್ಮನೆ ಬಿಡುವುದು ಸಾಧ್ಯವಿತ್ತೇ? ನನ್ನ ವಾದ ಹೀಗಿತ್ತು: ನೆರಳೆಂದರೆ ಬೆಳಕಿನ ಅಭಾವ. ಬಣ್ಣವೆಂದರೆ ಬೆಳಕಿನ ಗುಣ. ಬೆಳಕೇ ಇಲ್ಲದಲ್ಲಿ ಅದರ ಗುಣ ಎಲ್ಲಿಂದ ಬಂತು? ಆದ್ದರಿಂದ ನೆರಳಿಗೆ ಬಣ್ಣವಿಲ್ಲ. ನೀಲಿಯಂತೂ ಮೊದಲೇ ಇಲ್ಲ. ಇದರಲ್ಲಿ ಎಲ್ಲಿ ಬಿರುಕಿದೆ ತೋರಿಸಿ.

ಶರಣಪ್ಪ ತೋರಿಸಲಿಲ್ಲ. "ಹೊರಗ ಬಾ, ಕಾಣ್ತೈತಿ," ಎಂದ.

ನಾನು ಹೋಗಲಿಲ್ಲ. ವಾದದಲ್ಲಿ ಗೆದ್ದವನು ಹೊರಗೆ ಹೋಗಿ ನೋಡುವ ಅಗತ್ಯವೇನಿದೆ?

ಹೋದವನು ಅಪ್ಪ. ಅದೊಂದು ದಿನ ಶರಣಪ್ಪ ನಮ್ಮ ಗುಡ್ಡದ ಹೊಲದ ಚಿತ್ರ ಬರೆದು ತಂದು ಪಡಸಾಲೆಯ ಕಂಬಕ್ಕೆ ಒರಗಿಸಿದ್ದ. ಅಪ್ಪ ಮೊದಲು ಹತ್ತಿರ ಹೋಗಿ ಮೂಸಿದ. ಆಮೇಲೆ ಹಿಂದೆ ಹಿಂದೆ ಸರಿದು ಅಂಗಳಕ್ಕೆ ಇಳಿದು, ಕಣ್ಣು ಕಿರಿದು ಮಾಡಿ ನಿಂತ. ಸಂತೆಯಲ್ಲಿ ಎತ್ತು ನೋಡುವಾಗ ಅವನು ನಿಲ್ಲುವುದು ಹಾಗೆಯೇ. ಹತ್ತಿರ ನಿಂತವನಿಗೆ ಹಲ್ಲು ಕಾಣುತ್ತದೆ, ದೂರ ನಿಂತವನಿಗೆ ಎತ್ತು ಕಾಣುತ್ತದೆ ಎನ್ನುವುದು ಅವನ ಸಿದ್ಧಾಂತ.

"ಇದು ಸಂಜಿ," ಎಂದ ಅಪ್ಪ. "ಹಿಂಗಾರಿ ಬಿತ್ತಿಗಿ ಮುಂದಿನ ಸಂಜಿ. ಮಳಿ ಆಗಿ ನಾಕು ದಿನ ಆಗೇತಿ. ಹೌದಲ್ಲೋ ಅಳಿಯಾ?"

"ಹೌದ್ ಮಾವ."

"ಗಾಳಿ ಬಿಟ್ಟೈತಿ."

"ಹೌದು."

ಇಷ್ಟೇ ಮಾತು. ಆಮೇಲೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತು ಹೊತ್ತು ಮುಳುಗುವ ತನಕ ಅದನ್ನು ನೋಡಿದರು. ನಾನು ಬಾಗಿಲಲ್ಲಿ ನಿಂತು ಅವರಿಬ್ಬರನ್ನು ನೋಡಿದೆ. ಇಪ್ಪತ್ತು ವರ್ಷ ಮಾತಾಡಿ ನನಗೆ ಸಿಗದ ಜಾಗ ಆ ಮೆಟ್ಟಿಲು. ಪ್ರೀತಿಸುವವರು ಆಗಾಗ ಕಣ್ಣು ಮುಚ್ಚುತ್ತಾರೆ. ಮತ್ಸರಪಡುವವನಿಗೆ ಆ ಸೌಖ್ಯವಿಲ್ಲ. ಅವನು ರೆಪ್ಪೆ ಬಡಿಯದೆ ನೋಡುತ್ತಾನೆ. ಶರಣಪ್ಪನ ಬಗ್ಗೆ ಇಷ್ಟು ವಿವರ ನನಗೆ ನೆನಪಿರುವುದು ಸ್ನೇಹದಿಂದಲ್ಲ ಎಂಬುದು ನಿಮಗೆ ಇಷ್ಟೊತ್ತಿಗೆ ಹೊಳೆದಿರಬೇಕು.

ಆ ಗುಡ್ಡದ ಹೊಲದ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಮುಂದಿನ ಬಾಳುವೆಯೆಲ್ಲ ಅದರ ಮೇಲೆ ನಿಂತಿತ್ತು. ನನಗೆ ವಕೀಲಿ ಓದಬೇಕಾಗಿತ್ತು. ಕರಿಯ ಕೋಟು, ಎದುರಿಗೆ ನ್ಯಾಯಾಧೀಶರು, ಬಾಯಿ ಬಿಟ್ಟರೆ ಕೇಳಿಸಿಕೊಳ್ಳಲೇಬೇಕಾದ ಜನ. ಮತ್ತೆ ಹೈದರಾಬಾದಿಗೆ ಹೋಗಬೇಕೆಂದರೆ ಗುಡ್ಡದ ಹೊಲ ಮಾರಬೇಕಿತ್ತು. "ಕೊಳ್ಳೋರು ಸಿಗಲಿ, ಮಾರೂಣು," ಎಂದು ಅಪ್ಪ ಒಪ್ಪಿದ್ದ. ಆದರೆ ಮಳೆ ನಂಬಿ ಸಜ್ಜೆ ತೊಗರಿ ಬೆಳೆಯುವ, ಅರ್ಧ ಕಲ್ಲೇ ಇರುವ ಆ ಕೆಂಪು ಮಸಾರಿ ನೆಲವನ್ನು ಕೊಳ್ಳುವ ಪುಣ್ಯಾತ್ಮ ಯಾರು? ಕಾಲೇಜು ಮುಗಿಸಿ ಬಂದು ಎರಡು ವರ್ಷ ನಾನು ಮನೆಯಲ್ಲಿ ಬೇವಿನ ಕಡ್ಡಿ ಅಗಿಯುತ್ತ ಕೂತಿದ್ದೆ.

ಆಗ ಕಾಲುವೆಯ ಸುದ್ದಿ ಹಬ್ಬಿತು. ತುಂಗಭದ್ರೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಮುಕ್ಕುಂದದಿಂದ ಹಿಡಿದು ಸಿಂಧನೂರಿನ ಸುತ್ತ ಮುತ್ತ ಎಲ್ಲಿ ನೋಡಿದರೂ ಸರ್ವೆಯವರು. ಮೂರು ಕಾಲಿನ ಯಂತ್ರ ನಿಲ್ಲಿಸಿ, ಟೋಪಿ ಹಾಕಿ, ಒಂದು ಕಣ್ಣು ಮುಚ್ಚಿ ನೋಡಿ, ಏನೋ ಬರೆದುಕೊಂಡು ಹೋಗುವವರು. ಅವರು ಎಲ್ಲಿ ಬರೆದರೋ ಅಲ್ಲಿ ನೀರು. ಈಗ ಯೋಚಿಸಿ: ಅದೇ ದಿನಗಳಲ್ಲಿ ಮೂರು ಕಾಲಿನ ಗೂಟ ನಿಲ್ಲಿಸಿಕೊಂಡು, ಟೋಪಿ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಹೊಲವನ್ನೇ ನೋಡುತ್ತ, ಅರಿವೆಯ ಮೇಲೆ ಉದ್ದಕ್ಕೆ ನೀಲಿ ಎಳೆಯುವ ಒಬ್ಬ ಮನುಷ್ಯನನ್ನು ರೈತರು ಏನೆಂದು ತಿಳಿಯಬೇಕು?

ಮೊದಲು ಒಬ್ಬ ಮಜ್ಜಿಗೆ ತಂದ. ಆಮೇಲೆ ಸೌತೆಕಾಯಿ, ಹಸಿ ಕಡಲೆಗಿಡ, ಹಾಲು. ಶರಣಪ್ಪ ಎಲ್ಲವನ್ನೂ ತಿಂದ. ಅವನು ಸುಳ್ಳು ಹೇಳಲಿಲ್ಲ, ಅದು ನಿಜ. ಬಾಯಿ ತುಂಬಿರುವವನು ಸುಳ್ಳು ಹೇಳುವುದಾದರೂ ಹೇಗೆ? ಒಂದು ಸಂಜೆ ಅವನಿಗೆ ಊಟ ಕೊಡಲು ಹೋದಾಗ ನಾನು ಕಿವಿಯಾರೆ ಕೇಳಿದೆ. ಪಕ್ಕದ ಹೊಲದ ಮುದುಕ ಕೈಮುಗಿದು ನಿಂತಿದ್ದ.

"ಸಾಹೇಬ್ರ, ಅಮರಪ್ಪನ ಹೊಲಕ್ಕ ಅಷ್ಟು ಅಗಲ ಹಾಕೀರಿ. ನಮ್ಮ ಹೊಲಕ್ಕೂ ಒಂದೀಟು ನೀಲಿ ಹಚ್ರಿ. ಬಡವ ಅದೀನಿ."

ಅಮರಪ್ಪನೆಂದರೆ ನನ್ನ ಅಪ್ಪ. ಶರಣಪ್ಪ ಮುದುಕನ ಹೊಲದ ಕಡೆ ದಿಟ್ಟಿಸಿ ನೋಡಿ, "ಹೌದು, ಅಲ್ಲೂ ಐತಿ," ಎಂದು ಕುಂಚ ಅದ್ದಿ ಒಂದು ಎಳೆ ಹಚ್ಚಿದ. ಮುದುಕ ಗೂಟದ ಮೂರು ಕಾಲಿಗೂ ನಮಸ್ಕಾರ ಮಾಡಿದ.

"ಖರೇ ಏನಂತ ಹೇಳಬಾರದೇನು ಭಾವ?" ಎಂದು ರೇಗಿದೆ.

"ಏನು ಹೇಳಲಿ? ನೀಲಿ ಐತ್ಯೋ ಇಲ್ಲೋ ಅಂತ ಕೇಳಿದ. ಐತಿ."

ಸುದ್ದಿಗೆ ಬಸ್ಸು ಬೇಕಿಲ್ಲ. ಅದು ಸಿಂಧನೂರಿಗೆ ಹೋಗಿ, ಬರುವಾಗ ಒಬ್ಬ ಸಾಹುಕಾರನನ್ನು ಕರೆದುಕೊಂಡು ಬಂತು. ಬಸಲಿಂಗಪ್ಪ ಸಾಹುಕಾರ, ಭತ್ತದ ವ್ಯಾಪಾರಿ. ಅವತ್ತು ಭಾನುವಾರ, ಶರಣಪ್ಪನೂ ಮನೆಯಲ್ಲಿದ್ದ. ಸಾಹುಕಾರ ಪಡಸಾಲೆಯಲ್ಲಿ ಕೂತು ಗುಡ್ಡದ ಹೊಲ ಕೊಳ್ಳುತ್ತೇನೆಂದಾಗ ನನ್ನ ಎದೆ ಹೈದರಾಬಾದಿನ ರೈಲಿನ ಹಾಗೆ ಬಡಿಯತೊಡಗಿತು. ಅಪ್ಪ ಮೊದಲು ಗಾಬರಿಯಾದ, ಆಮೇಲೆ ನನ್ನ ಮುಖ ನೋಡಿದ.

ಸಾಹುಕಾರನ ಕಣ್ಣು ಕಂಬಕ್ಕೆ ಒರಗಿಸಿದ್ದ ಚಿತ್ರದ ಮೇಲೆ ಬಿತ್ತು. ಅದರಲ್ಲಿ ಗುಡ್ಡದ ಬುಡದಿಂದ ನಮ್ಮ ಹೊಲದ ನಡುವೆ ಅಡ್ಡಲಾಗಿ ನೀಲಿಯ ಉದ್ದನೆಯ ಪಟ್ಟಿ.

"ಇದಲ್ಲೇನ್ರಿ ಅದು?" ಎಂದು ಬೆರಳು ಮಾಡಿ ಶರಣಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಅದು ಸಂಜಿ ಐತ್ರಿ," ಎಂದ ಶರಣಪ್ಪ.

ಸಾಹುಕಾರ ಕಣ್ಣು ಹೊಡೆದು ನಕ್ಕ. "ಬರೊಬ್ಬರಿ. ಸರ್ಕಾರದವರು ಸರ್ಕಾರದ ಗುಟ್ಟು ಬಿಟ್ಟುಕೊಡ್ತಾರೇನು? ನಮ್ಮ ಸೀಮಿಗೆ ನಿಮ್ಮಂಥ ಶಾಣ್ಯಾರು ಬೇಕ್ರಿ ಸಾಹೇಬ್ರ." ತಾನು ಕೂತ ಜಮಖಾನೆಯಿಂದ ಸರಿದು ಅವನಿಗೆ ಜಾಗ ಮಾಡಿಕೊಟ್ಟ. ತನ್ನ ಬೆನ್ನಿಗಿದ್ದ ಲೋಡು ದಿಂಬು ತೆಗೆದು ಅವನ ಬೆನ್ನಿಗೆ ಇಟ್ಟ. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಂದ:

"ಏ ತಮ್ಮಾ, ಸಾಹೇಬರಿಗೆ ಒಂದು ತಂಬಿಗಿ ನೀರು ತಾ."

ಇಲ್ಲಿ ತುಸು ನಿಲ್ಲೋಣ. ನನ್ನ ಮುಂದೆ ಎರಡು ದಾರಿ ಇದ್ದವು. ನೀರು ತಂದುಕೊಟ್ಟು ಸುಮ್ಮನಿದ್ದರೆ ಹೊಲ ಮಾರಾಟವಾಗುತ್ತಿತ್ತು, ನಾನು ವಕೀಲನಾಗುತ್ತಿದ್ದೆ. ಮೂರ್ಖನಾದವನಿಗೂ ಇದು ತಿಳಿಯುತ್ತಿತ್ತು. ಆದರೆ ನನ್ನ ಮನೆಯಲ್ಲಿ, ನನ್ನ ಅಪ್ಪನ ಎದುರಿಗೆ, ನನ್ನ ಬಟ್ಟಲಿನಲ್ಲಿ ಕುಂಚ ತೊಳೆಯುವವನು ಲೋಡಿಗೆ ಒರಗಿ ಕೂತಿದ್ದ. ಅವನು ಸಾಹೇಬ, ನಾನು ನೀರಿನ ತಮ್ಮ.

"ಅಂವ ಸಾಹೇಬ ಅಲ್ಲ, ಡ್ರಾಯಿಂಗ್ ಮಾಸ್ತರ!" ಎಂದೆ. "ಅದು ಕಾಲುವಿನೂ ಅಲ್ಲ. ನೆಳ್ಳು! ಬರೇ ನೆಳ್ಳು!"

ಆಮೇಲೆ ನಾನು ಮಾಡಿದ್ದು ನನ್ನ ಜನ್ಮದ ಅತ್ಯುತ್ತಮ ಭಾಷಣ. ಗುಡ್ಡದ ಬುಡ ಎಷ್ಟು ಎತ್ತರ, ನೀರು ಏರಿಗೆ ಹರಿಯುವುದಿಲ್ಲ, ಸರ್ವೆಯವರು ನಮ್ಮ ಊರಿನ ಕಡೆ ಕಾಲೇ ಇಟ್ಟಿಲ್ಲ, ಹೊತ್ತು ಇಳಿದಾಗ ಗುಡ್ಡದ ಮೂಗಿನ ನೆರಳು ಎಲ್ಲಿಗೆ ಚಾಚುತ್ತದೆ. ಹೈದರಾಬಾದಿನ ತೀರ್ಪುಗಾರರು ಇದ್ದಿದ್ದರೆ ಎದ್ದು ನಿಲ್ಲುತ್ತಿದ್ದರು. ಸಾಹುಕಾರ ನಂಬಲಿಲ್ಲ. "ಬರ್ರಿ, ತೋರಸ್ತೀನಿ," ಎಂದು ಎಲ್ಲರನ್ನೂ ಎಬ್ಬಿಸಿ ಹೊಲಕ್ಕೆ ಕರೆದುಕೊಂಡು ಹೋದೆ. ನಾನು ಮುಂದೆ, ಸಾಹುಕಾರ ಹಿಂದೆ, ಅವನ ಹಿಂದೆ ಅಪ್ಪ. ಚಿತ್ರ ಹೊತ್ತುಕೊಂಡು ಶರಣಪ್ಪ ಕೊನೆಗೆ.

ಬದುವಿನ ಮೇಲೆ ಕಾದು ನಿಂತೆವು. ಹೊತ್ತು ಗುಡ್ಡದ ಹಿಂದಕ್ಕೆ ಇಳಿಯಿತು. ಬುಡದಿಂದ ನೆರಳು ಹೊರಟಿತು, ಹೊಲದ ನಡುವೆ ಉದ್ದಕ್ಕೆ ಚಾಚಿತು, ಪಕ್ಕದ ಮುದುಕನ ಹೊಲದ ಮೂಲೆ ಮುಟ್ಟಿತು. ಚಿತ್ರದಲ್ಲಿದ್ದಂತೆಯೇ, ಒಂದು ಗೇಣು ಆಚೆ ಈಚೆ ಇಲ್ಲ. ನಾನು ಕೈಚಾಚಿ, "ಏನಂತೀರಿ?" ಎಂದೆ.

"ಥೂ, ಬರೇ ನೆಳ್ಳು," ಎಂದ ಸಾಹುಕಾರ. ಧೋತರ ಎತ್ತಿಕೊಂಡು ಬಸ್ಸಿನ ಕಡೆ ನಡೆದ.

ನಾನು ಗೆದ್ದ ಹುರುಪಿನಲ್ಲಿ ಆ ನೆರಳನ್ನೇ ನೋಡುತ್ತಿದ್ದೆ. ಹಳದಿಯಾದ ಸಜ್ಜೆಯ ಕೂಳೆ, ಕೆಂಪು ಮಣ್ಣು, ನಡುವೆ ಆ ಪಟ್ಟಿ. ಅದು ಕಪ್ಪಾಗಿರಲಿಲ್ಲ. ಅವ್ವನ ಇಳಕಲ್ ಸೀರೆ ಹಳತಾದಾಗ ತಿರುಗುತ್ತದಲ್ಲ, ಅಂಥ ನೀಲಿ. ಕಣ್ಣು ಉಜ್ಜಿ ನೋಡಿದೆ. ಮತ್ತೂ ನೀಲಿ. ಪಕ್ಕದಲ್ಲಿ ಶರಣಪ್ಪ ಬಂದು ನಿಂತ.

"ಯಾವ ಬಣ್ಣ ಐತಿ?"

"ಕಪ್ಪು," ಎಂದೆ ನಾನು.

ಅವನು ನಗಲಿಲ್ಲ. ನಕ್ಕಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಅಪ್ಪ ಬದುವಿನ ಮೇಲಿಂದ ಇಳಿದು ನನ್ನ ಹತ್ತಿರ ಬಂದು, ಮುಖ ನೋಡದೆ, "ಗೆದ್ದಿ ಬಿಡು," ಎಂದ. ಅಷ್ಟೇ. ಮನೆಯ ಕಡೆ ನಡೆದ.

ಆ ಎರಡು ಮಾತು ಮುಳ್ಳಿನ ಹಾಗೆ ಇಷ್ಟು ವರ್ಷ ನನ್ನಲ್ಲಿ ಮುರಿದುಕೊಂಡಿತ್ತು. ಚುಚ್ಚಿದನೆಂದು ತಿಳಿದಿದ್ದೆ. ಬಂದ ಭಾಗ್ಯವನ್ನು ಬಾಯಿಬಡುಕತನದಿಂದ ಒದ್ದೆ ಎಂದು ಅಣಕಿಸಿದನೆಂದು. ಮತ್ತೊಬ್ಬ ಕೊಳ್ಳುವವನು ಬರಲಿಲ್ಲ. ಕಾಲುವೆ ಬಂತು, ಸಿಂಧನೂರಿನ ಕಡೆಗೆ. ನಮ್ಮ ಹೊಲ ಇವತ್ತಿಗೂ ಮಳೆಯ ದಾರಿ ನೋಡುತ್ತದೆ. ನಾನು ಇಲ್ಲಿ ಬಂದು ಮಾಸ್ತರನಾದೆ, ಹುಡುಗರಿಗೆ ಲೆಕ್ಕ ಹೇಳುತ್ತೇನೆ. ಶರಣಪ್ಪ ಲಿಂಗಸುಗೂರಿನಲ್ಲೇ ಇದ್ದಾನೆ. ಅವನ ಚಿತ್ರಗಳನ್ನು ಹೋದ ವರ್ಷ ಹೈದರಾಬಾದಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರಂತೆ. ಜನ ಏನು ಕೇಳಿದರೂ ಅವನು ಉತ್ತರಿಸಲಿಲ್ಲವಂತೆ, ಅದಕ್ಕೇ ದೊಡ್ಡ ಕಲಾವಿದನೆಂದು ಹೊಗಳಿದರಂತೆ. ನಾನು ಆ ಸುದ್ದಿ ಕೇಳಿದ ದಿನ ರಾತ್ರಿ ಊಟ ಮಾಡಲಿಲ್ಲ. ಗುಡ್ಡದ ಹೊಲದ ಚಿತ್ರವನ್ನು ಮಾತ್ರ ಅವನು ಕಳಿಸಲಿಲ್ಲ. ಅದು ನಮ್ಮ ಪಡಸಾಲೆಯಲ್ಲೇ ಇದೆ, ಅಪ್ಪ ಕೊಡಲೊಲ್ಲ.

ಇವತ್ತು ಬೆಳಿಗ್ಗೆ ರೊಟ್ಟಿ ಬಿಚ್ಚಿ ಕೂತಾಗ ಪಕ್ಕದ ಮನೆಯ ತಿಮ್ಮಯ್ಯ ಮಾಸ್ತರರನ್ನೂ ಕರೆದೆ. ಅವರು ಬಟ್ಟಲು ನೋಡಿ, "ಇದೇನ್ರಿ ಯಜಮಾನ್ರ, ಚಟ್ನಿಗೂ ಬಹುಮಾನ ಬಂದೈತೇನು?" ಎಂದು ಕೇಳಿದರು. ಅಪ್ಪ ನಗಲಿಲ್ಲ. ರೊಟ್ಟಿ ಮುರಿಯುತ್ತ ಹೇಳತೊಡಗಿದ. ನನಗೆ ಹೇಳುತ್ತಿರಲಿಲ್ಲ, ನಾನು ಅಲ್ಲಿ ಇಲ್ಲವೇನೋ ಎಂಬಂತೆ ಅವರಿಗೆ ಹೇಳುತ್ತಿದ್ದ.

"ನಮ್ಮ ಹುಡುಗ ಗೆದ್ದದ್ರಿ. ಇದನ್ನ ಗೆದ್ದಾಗ ನನಗ ತಿಳಿಲಿಲ್ಲ, ಮಾತಾಡಿ ಏನು ಗೆಲ್ತಾರ ಅಂತ. ಆಮ್ಯಾಲೊಂದಿನ ತಿಳೀತು. ಹೊಲ ಕೊಳ್ಳಾಕ ಸಾಹುಕಾರ ಬಂದಿದ್ದ. ಕಾಲುವಿ ಬರ್ತೈತಿ ಅಂತ ತಪ್ಪು ತಿಳಕೊಂಡು ಬಂದಿದ್ದ. ನನಗ ಗೊತ್ತಿತ್ರಿ ಅದು ಕಾಲುವಿ ಅಲ್ಲಂತ. ಸುಮ್ಮನ ಕುಂತೆ. ಮಗ ಓದಲಿ ಅಂತ ಆಸಿ. ಬಾಯಿ ಏಳಲಿಲ್ಲ." ಅಪ್ಪ ಮುರಿದ ರೊಟ್ಟಿಗೆ ಚಟ್ನಿ ಹಚ್ಚಿಕೊಂಡ. "ಇಂವ ಎದ್ದು ಖರೇ ಹೇಳಿಬಿಟ್ಟ. ವಕೀಲಿ ಹೋತು, ಹೋಗಲಿ ಅಂದ. ನಾ ಹೇಳಬೇಕಾದ್ದು ಅಂವ ಹೇಳಿದ. ಅವತ್ತ ಅಂದೆ ನಾ ಅವಗ, ಗೆದ್ದಿ ಬಿಡು ಅಂತ."

ನನ್ನ ಬಾಯಲ್ಲಿ ಚಟ್ನಿ ಹಚ್ಚಿದ ರೊಟ್ಟಿಯ ತುತ್ತು ಇತ್ತು. ಖಂಡನೆ ಸಿದ್ಧವಿತ್ತು, ಮೂರು ಅಂಶಗಳು, ಒಂದಕ್ಕಿಂತ ಒಂದು ಗಟ್ಟಿ. ಅಪ್ಪಾ, ಅದು ಸತ್ಯವಲ್ಲ, ಹೊಟ್ಟೆಕಿಚ್ಚು. ಅಪ್ಪಾ, ಲೋಡು ನನ್ನ ಬೆನ್ನಿಗೆ ಇಟ್ಟಿದ್ದರೆ ನಾನೂ ಸುಮ್ಮನೇ ಇರುತ್ತಿದ್ದೆ. ಮೂರನೆಯದು ನೆನಪಾಗುವಷ್ಟರಲ್ಲಿ ಕಿಟಕಿಯ ಆಚೆ ನೋಡಿದೆ. ಅಕ್ಕಿ ಗಿರಣಿಯ ಕೊಳವೆಯ ನೆರಳು ಎದುರು ಮನೆಯ ಸುಣ್ಣದ ಗೋಡೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ನೀಲಿಯಾಗಿತ್ತು. ಬಹಳ ವರ್ಷದಿಂದ ಎಲ್ಲ ನೆರಳೂ ನನಗೆ ನೀಲಿಯೇ. ಯಾರಿಗೂ ಹೇಳಿಲ್ಲ, ಅಷ್ಟೇ.

ಅಪ್ಪ ಇನ್ನೂ ಆ ಹುಡುಗನ ಮಾತು ಆಡುತ್ತಲೇ ಇದ್ದ. ತನ್ನ ಓದನ್ನು ಬಿಟ್ಟುಕೊಟ್ಟು ಖರೇ ಹೇಳಿದ ಹುಡುಗ. ಅಪ್ಪನ ಬಾಯಿಂದ ಅಷ್ಟು ಉದ್ದನೆಯ ಮಾತು ಶರಣಪ್ಪನ ಬಗ್ಗೆಯೂ ನಾನು ಕೇಳಿರಲಿಲ್ಲ. ಅಪ್ಪನ ಮಾತಿನೊಳಗಿನ ಆ ಹುಡುಗ ನನಗಿಂತ ಎಲ್ಲದರಲ್ಲೂ ಮೇಲು, ನನ್ನ ಹೆಸರನ್ನೇ ಇಟ್ಟುಕೊಂಡಿದ್ದಾನೆ, ನನ್ನ ಅಪ್ಪನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾನೆ. ಅವನನ್ನು ನೆನೆದರೆ ಶರಣಪ್ಪನ ಮೇಲೆ ಇದ್ದದ್ದು ಏನೂ ಅಲ್ಲ ಅನ್ನಿಸುವಷ್ಟು ಹೊಟ್ಟೆ ಉರಿಯಿತು. ಹೇಗಾದರೂ ಮಾಡಿ ಅವನ ಹಾಗೆ ಆಗಬೇಕು ಅನ್ನಿಸಿತು.

"ಯಾಕಲೇ, ಸುಮ್ಮನಾದಿ?" ಎಂದ ಅಪ್ಪ. "ಚಟ್ನಿ ಖಾರ ಆಗೇತೇನು?"

"ಇಲ್ಲಪ," ಎಂದೆ. ಬಟ್ಟಲನ್ನು ಅವನ ಕಡೆ ಸರಿಸಿದೆ.